ಟಾಮ್‌ಕ್ಯಾಟ್ ಹಾಕುವುದು ಸುಲಭ, ಫೋನಿಗೆ ತಲುಪಿಸುವುದು ಹೇಗೆ?

ಮೊಬೈಲ್‌ಗೆಂದು ಬರೆದ ವೆಬ್ ಪುಟವನ್ನು ಲ್ಯಾಪ್‌ಟಾಪ್ ಬ್ರೌಸರಿನ ಕಿಟಕಿ ಚಿಕ್ಕದು ಮಾಡಿ ನೋಡಿದರೆ ಪರೀಕ್ಷೆ ಮುಗಿಯುವುದಿಲ್ಲ. ಅದು ನಿಜವಾದ ಫೋನಿನಲ್ಲಿ ತೆರೆಯಬೇಕು. ಹೆಚ್ಚಿನವರು ಸೋಲುವುದು ಅಲ್ಲೇ. ಜಾವಾದಲ್ಲಿ ಬರೆದ ವೆಬ್ ಪುಟಗಳನ್ನು ಬ್ರೌಸರಿಗೆ ಒದಗಿಸುವ ಸರ್ವರ್ ತಂತ್ರಾಂಶ ಟಾಮ್‌ಕ್ಯಾಟ್ ಲ್ಯಾಪ್‌ಟಾಪಿನಲ್ಲಿ ಓಡುತ್ತಿರುತ್ತದೆ, ಫೋನ್ ಮಾತ್ರ ಸುತ್ತುತ್ತಲೇ ಇರುತ್ತದೆ. ವಿಂಡೋಸ್ ಲ್ಯಾಪ್‌ಟಾಪ್ ಮತ್ತು ಆಂಡ್ರಾಯ್ಡ್ ಫೋನ್ ಇರುವವರಿಗೆ ಇಲ್ಲಿದೆ ಕ್ರಮ.

ಹಂತ 1: ಜಾವಾ

ಜೆಡಿಕೆ 17 (ಜಾವಾ ಪ್ರೋಗ್ರಾಂ ಬರೆದು ಓಡಿಸಲು ಬೇಕಾದ ಸಲಕರಣೆಗಳ ಕಟ್ಟು) ಹಾಕಿ. ಜಾವಾ_ಹೋಮ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ (ತಂತ್ರಾಂಶಗಳು ಓದಿಕೊಳ್ಳಲೆಂದು ವಿಂಡೋಸ್‌ನಲ್ಲಿ ಇಡುವ ಹೆಸರು) ಜೆಡಿಕೆ ಫೋಲ್ಡರಿನ ದಾರಿ ಕೊಡಿ. ಅದರೊಳಗಿನ ಬಿನ್ ಫೋಲ್ಡರಿನದಲ್ಲ. ಆಮೇಲೆ ಕಮಾಂಡ್ ಕಿಟಕಿಯನ್ನು ಮುಚ್ಚಿ ಹೊಸದಾಗಿ ತೆರೆಯಿರಿ, ಹಳೆಯದಕ್ಕೆ ಹೊಸ ವೇರಿಯಬಲ್ ಗೊತ್ತಾಗುವುದಿಲ್ಲ.

ಹಂತ 2: ಟಾಮ್‌ಕ್ಯಾಟ್

ಅಪಾಚೆ ತಾಣದಿಂದ 10.1ರ ಜಿಪ್ ಕಡತವನ್ನೇ ಇಳಿಸಿಕೊಳ್ಳಿ, ಇನ್‌ಸ್ಟಾಲರ್ ಬೇಡ. ಸಿ ಡ್ರೈವ್‌ನಲ್ಲಿ ಟಾಮ್‌ಕ್ಯಾಟ್ ಎಂಬ ಫೋಲ್ಡರ್ ಮಾಡಿ ಅಲ್ಲಿ ಬಿಚ್ಚಿ. ಪ್ರೋಗ್ರಾಂ ಫೈಲ್ಸ್ ಒಳಗೆ ಇಟ್ಟರೆ ಕಡತ ತಿದ್ದಲು ಪ್ರತಿ ಸಲವೂ ಅನುಮತಿಯ ಕಾಟ. ನಾಲ್ಕಾರು ತಂತ್ರಾಂಶ ಒಟ್ಟು ಸೇರಿಸಿದ ಕಟ್ಟುಗಳಲ್ಲಿ ಸಿಗುವ ಹಳೆಯ 8.5 ಅನ್ನು ಮುಟ್ಟಬೇಡಿ, ಅದಕ್ಕೆ 2024ರ ಮಾರ್ಚ್ 31ಕ್ಕೇ ಬೆಂಬಲ ನಿಂತಿದೆ.

ಹಳೆಯ ಪಾಠ ನೋಡಿ ಬರೆದ ಕೋಡ್ 10.1ರಲ್ಲಿ ಕೈಕೊಡುತ್ತದೆ. 10ರಿಂದ ಸರ್ವ್‌ಲೆಟ್ (ಸರ್ವರಿನಲ್ಲಿ ಓಡುವ ಜಾವಾ ಕೋಡ್) ಪ್ಯಾಕೇಜುಗಳ ಹೆಸರು ಜಾವಾಎಕ್ಸ್ ಹೋಗಿ ಜಕಾರ್ತಾ ಆಗಿದೆ. ಇಂಪೋರ್ಟ್ ಸಾಲುಗಳನ್ನು ತಿದ್ದಿ. ಅವಸರವಿದ್ದರೆ ಟಾಮ್‌ಕ್ಯಾಟ್ ಫೋಲ್ಡರಿನಲ್ಲಿ ವೆಬ್‌ಆ್ಯಪ್ಸ್-ಜಾವಾಇಇ ಎಂಬ ಫೋಲ್ಡರ್ ಮಾಡಿ ಹಳೆಯ ವಾರ್ ಕಡತವನ್ನು (ಇಡೀ ವೆಬ್ ಆ್ಯಪನ್ನು ಕಟ್ಟಿಟ್ಟ ಒಂದೇ ಕಡತ) ಅಲ್ಲಿ ಹಾಕಿ, ಟಾಮ್‌ಕ್ಯಾಟ್ ತಾನೇ ಬದಲಿಸಿಕೊಳ್ಳುತ್ತದೆ.

ಹಂತ 3: ಚಾಲನೆ

ಸ್ಟಾರ್ಟಪ್ ಕಡತವನ್ನು ಡಬಲ್ ಕ್ಲಿಕ್ ಮಾಡಬೇಡಿ. ತಪ್ಪಿದ್ದರೆ ಕಪ್ಪು ಕಿಟಕಿ ಮಿಂಚಿ ಮಾಯವಾಗುತ್ತದೆ, ಕಾರಣ ತಿಳಿಯುವುದಿಲ್ಲ. ಬಿನ್ ಫೋಲ್ಡರಿಗೆ ಹೋಗಿ 'ಕ್ಯಾಟಲಿನಾ ರನ್' ಎಂದು ಕೊಡಿ, ದೋಷ ಕಣ್ಣೆದುರೇ ಇರುತ್ತದೆ. ವಿಳಾಸ ಈಗಾಗಲೇ ಬಳಕೆಯಲ್ಲಿದೆ ಎಂದು ಬಂದರೆ 8080 ಪೋರ್ಟನ್ನು (ಟಾಮ್‌ಕ್ಯಾಟ್ ಕಾಯುವ ಬಾಗಿಲಿನ ಸಂಖ್ಯೆ) ಬೇರೆ ಯಾವುದೋ ಹಿಡಿದಿದೆ ಎಂದರ್ಥ, ಕೋಡನ್ನು ತಾನಾಗಿ ಕಟ್ಟಿ ಪರೀಕ್ಷಿಸುವ ತಂತ್ರಾಂಶವಾದ ಜೆಂಕಿನ್ಸ್ ಇದ್ದರೆ ಮೊದಲ ಅನುಮಾನ ಅದರ ಮೇಲಿರಲಿ. ಕಾನ್ಫ್ ಫೋಲ್ಡರಿನ ಸರ್ವರ್.ಎಕ್ಸ್‌ಎಂಎಲ್‌ನಲ್ಲಿ ಕನೆಕ್ಟರ್ ಪೋರ್ಟನ್ನು 8081 ಮಾಡಿ. ಹಾಗೆ ಬದಲಿಸಿದರೆ ಮುಂದೆ 8080 ಎಂದಿರುವಲ್ಲೆಲ್ಲ 8081 ಎಂದು ಓದಿಕೊಳ್ಳಿ.

ಹಂತ 4: ಫೋನಿನವರೆಗೆ

ಮೂರು ಪರೀಕ್ಷೆ, ಇದೇ ಕ್ರಮದಲ್ಲಿ. ಮೊದಲು ಲ್ಯಾಪ್‌ಟಾಪಿನಲ್ಲಿ ಲೋಕಲ್‌ಹೋಸ್ಟ್:8080 (ಲೋಕಲ್‌ಹೋಸ್ಟ್ ಎಂದರೆ 'ಇದೇ ಸಾಧನ'). ನಂತರ ಲ್ಯಾಪ್‌ಟಾಪಿನಲ್ಲೇ ಅದರ ಐಪಿ ವಿಳಾಸವನ್ನು (ನೆಟ್‌ವರ್ಕಿನಲ್ಲಿ ಅದರ ಸಂಖ್ಯೆ) ಕೊನೆಯಲ್ಲಿ :8080 ಸೇರಿಸಿ ಹಾಕಿ. ಕೊನೆಗೆ ಅದೇ ವಿಳಾಸ ಫೋನಿನಲ್ಲಿ. ಫೋನಿನಲ್ಲಿ ಲೋಕಲ್‌ಹೋಸ್ಟ್ ಎಂದು ಹೊಡೆಯುವವರಿದ್ದಾರೆ. ಅಲ್ಲಿ ಅದರರ್ಥ ಫೋನೇ.

ಐಪಿ ತಿಳಿಯಲು 'ಐಪಿಕಾನ್ಫಿಗ್' ಕೊಟ್ಟಾಗ ಹಲವು ವಿಳಾಸ ಬರುತ್ತವೆ. 192.168.56.1 ಕಂಡರೆ ಅದು ಸಾಮಾನ್ಯವಾಗಿ ವರ್ಚುವಲ್‌ಬಾಕ್ಸ್‌ನದು (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ತಂತ್ರಾಂಶ). ನಿಮಗೆ ಬೇಕಾದದ್ದು ವೈಫೈ ತಲೆಬರಹದ ಕೆಳಗಿನ ಐಪಿವಿ4 ಸಾಲು. ಫೋನಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ, ಅದೇ ವೈಫೈಗೆ ಸೇರಿಸಿ, ವಿಳಾಸದ ಮುಂದೆ ಎಚ್‌ಟಿಟಿಪಿ ಎಂದು ಬಿಡಿಸಿ ಬರೆಯಿರಿ.

ಎರಡನೆಯದು ತೆರೆದು ಮೂರನೆಯದು ತೆರೆಯದಿದ್ದರೆ ಬಹುಮಟ್ಟಿಗೆ ಹೊರಗಿನ ಸಂಪರ್ಕ ತಡೆಯುವ ವಿಂಡೋಸ್ ಫೈರ್‌ವಾಲ್‌ನದೇ ಕೆಲಸ. ಟಾಮ್‌ಕ್ಯಾಟ್ ಮೊದಲ ಸಲ ಓಡಿದಾಗ ವಿಂಡೋಸ್ ಒಂದು ಪ್ರಶ್ನೆ ಕೇಳುತ್ತದೆ, ಅವಸರದಲ್ಲಿ ಕ್ಯಾನ್ಸಲ್ ಒತ್ತುತ್ತೇವೆ. ಕ್ಯಾನ್ಸಲ್ ಎಂದರೆ ಸುಮ್ಮನಾಗುವುದಲ್ಲ: ಜಾವಾವನ್ನು ತಡೆಯುವ ನಿಯಮವೊಂದು ಅಲ್ಲಿ ಬರೆದುಕೊಳ್ಳುತ್ತದೆ. ಮುಂದೆ 8080ಕ್ಕೆ ಎಷ್ಟು ಅನುಮತಿ ಕೊಟ್ಟರೂ ತಡೆಯ ನಿಯಮವೇ ಗೆಲ್ಲುತ್ತದೆ. ಆದ್ದರಿಂದ ಫೈರ್‌ವಾಲ್‌ನ ಅಡ್ವಾನ್ಸ್‌ಡ್ ಕಿಟಕಿಯಲ್ಲಿ ಇನ್‌ಬೌಂಡ್ ರೂಲ್ಸ್ ತೆರೆದು, ಜಾವಾ ಅಥವಾ ಓಪನ್‌ಜೆಡಿಕೆ ಹೆಸರಿನ ಕೆಂಪು ಗುರುತಿನವನ್ನು ಮೊದಲು ಅಳಿಸಿ. ಆಮೇಲೆ ಟಿಸಿಪಿ 8080ಕ್ಕೆ ಹೊಸ ನಿಯಮ ಮಾಡಿ, ಪ್ರೈವೇಟ್ ಒಂದಕ್ಕೇ ಟಿಕ್ ಇರಲಿ. ಮನೆಯ ವೈಫೈ ಪಬ್ಲಿಕ್ ಎಂದಿದ್ದರೆ ಅದನ್ನೂ ಪ್ರೈವೇಟ್ ಮಾಡಿ. ಫೈರ್‌ವಾಲನ್ನೇ ಆರಿಸಿಬಿಡಿ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಆರಿಸಿದವರು ಮತ್ತೆ ಹಚ್ಚುವುದು ಮರೆಯುತ್ತಾರೆ, ಮಾಡಬೇಡಿ.

ಇಷ್ಟಾದರೂ ಆಗದಿದ್ದರೆ ಲಾಗ್ಸ್ ಫೋಲ್ಡರಿನ ಆ್ಯಕ್ಸೆಸ್ ಲಾಗ್ (ಬಂದ ಪ್ರತಿ ಕೋರಿಕೆಯ ದಾಖಲೆ) ನೋಡಿ. ಸಾಲು ಬೀಳಲು ಕೆಲವು ಸೆಕೆಂಡು ಹಿಡಿಯಬಹುದು. ಫೋನಿನ ಐಪಿ ಅಲ್ಲಿ ಬಂದಿದ್ದರೆ ತಪ್ಪು ನಿಮ್ಮ ಕೋಡಿನಲ್ಲಿ, ಬಾರದಿದ್ದರೆ ದಾರಿಯಲ್ಲಿ. ಕಾಲೇಜು, ಹಾಸ್ಟೆಲ್, ಪಿಜಿಗಳ ವೈಫೈ ಅನೇಕ ಕಡೆ ಒಂದು ಸಾಧನ ಇನ್ನೊಂದನ್ನು ಕಾಣದಂತೆ ತಡೆದಿರುತ್ತದೆ. ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಸೇರಿಸಿ, ಹೊಸ ಐಪಿ ನೋಡಿಕೊಂಡು ಪ್ರಯತ್ನಿಸಿ.

ಕ್ಯಾಮೆರಾ ಅಥವಾ ಲೊಕೇಶನ್ ಬಳಸುವ ಪುಟವಾದರೆ ಐಪಿ ದಾರಿ ಸಾಲದು. ಎಚ್‌ಟಿಟಿಪಿಎಸ್ ಇಲ್ಲದ ವಿಳಾಸಕ್ಕೆ ಕ್ರೋಮ್ ಅವನ್ನು ಕೊಡುವುದಿಲ್ಲ, ವಿನಾಯಿತಿ ಇರುವುದು ಲೋಕಲ್‌ಹೋಸ್ಟ್‌ಗೆ. ಫೋನಿನಲ್ಲಿ ಯುಎಸ್‌ಬಿ ಡಿಬಗಿಂಗ್ ಹಚ್ಚಿ, ಕೇಬಲ್ ಹಾಕಿ, ಲ್ಯಾಪ್‌ಟಾಪಿನಿಂದ ಆಂಡ್ರಾಯ್ಡ್ ಫೋನಿಗೆ ಆಜ್ಞೆ ಕೊಡುವ ಎಡಿಬಿ ಎಂಬ ಸಲಕರಣೆಯಲ್ಲಿ 'ಎಡಿಬಿ ರಿವರ್ಸ್ ಟಿಸಿಪಿ:8080 ಟಿಸಿಪಿ:8080' ಎಂದು ಕೊಡಿ. ಈಗ ಫೋನಿನ ಲೋಕಲ್‌ಹೋಸ್ಟ್:8080 ಲ್ಯಾಪ್‌ಟಾಪಿಗೇ ಬರುತ್ತದೆ, ವೈಫೈ ಗೊಡವೆಯೂ ಇಲ್ಲ. ಡೇಟಾ ತಂತಿಯಿಲ್ಲದ ಅಗ್ಗದ ಚಾರ್ಜಿಂಗ್ ಕೇಬಲ್‌ಗಳಲ್ಲಿ ಮಾತ್ರ ಇದು ನಡೆಯದು.

ಹಂತ 5: ಪುಟ ನೋಡುವಾಗ

ವೆಬ್‌ಆ್ಯಪ್ಸ್ ಒಳಗೆ ಫೋಲ್ಡರ್ ಮಾಡಿ ಇಂಡೆಕ್ಸ್.ಜೆಎಸ್‌ಪಿ (ಜಾವಾ ಕೋಡ್ ಬೆರೆಸಿದ ವೆಬ್ ಪುಟದ ಕಡತ) ಇಡಿ. ಅಕ್ಷರಗಳು ಇರುವೆಯಷ್ಟಾದರೆ ಪುಟವನ್ನು ಫೋನಿನ ಅಗಲಕ್ಕೆ ಹೊಂದಿಸು ಎಂದು ಹೇಳುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಬಿಟ್ಟುಹೋಗಿದೆ. ಕನ್ನಡ ಗೋಜಲಾದರೆ ಜೆಎಸ್‌ಪಿಯ ಮೊದಲ ಸಾಲಿನಲ್ಲೇ ಪೇಜ್‌ಎನ್‌ಕೋಡಿಂಗ್ ಮತ್ತು ಕಂಟೆಂಟ್‌ಟೈಪ್ ಎರಡಕ್ಕೂ ಯುಟಿಎಫ್-8 ಹೇಳಿ. ಪೋಸ್ಟ್ ವಿಧಾನದ ಫಾರ್ಮ್‌ನಲ್ಲಿ 'ಕೃಷ್ಣ' ಎಂದು ಬರೆದು ಕಳುಹಿಸಿ ನೋಡಿ: 10.1ರಲ್ಲಿ ಸರಿಯಾಗಿ ಬರುತ್ತದೆ, 9ರಲ್ಲಾದರೆ ಪ್ಯಾರಾಮೀಟರ್ (ಫಾರ್ಮಿನಿಂದ ಬಂದ ಮೌಲ್ಯ) ಓದುವ ಮೊದಲೇ ರಿಕ್ವೆಸ್ಟ್‌ನ ಎನ್‌ಕೋಡಿಂಗ್ ಹೊಂದಿಸಬೇಕು. ಒಂದು ಪ್ಯಾರಾಮೀಟರ್ ಓದಿದ ಮೇಲೆ ಹೊಂದಿಸಿದರೆ ಪ್ರಯೋಜನವಿಲ್ಲ.