ಐದನೆಯವನನ್ನು ಹುಡುಕುತ್ತಾ ಊರೂರು ಸುತ್ತಿದ್ದು

ಜರ್ಮನಿಯ ಆಖೆನ್‌ಗೆ ಓದಲು ಬರುವ ನಮ್ಮ ಹುಡುಗರು ಮೊದಲ ವಾರವೇ ಕೇಳುತ್ತಾರೆ: "ಅಣ್ಣಾ, ಇಲ್ಲಿಂದ ಪ್ಯಾರಿಸ್ ಎಷ್ಟು ದೂರ?" ಗಡಿಯಾಚೆ ಪಕ್ಕದಲ್ಲೇ ಇರುವ ನೆದರ್ಲೆಂಡ್ಸ್‌ನ ಊರು ವಾಲ್ಸ್ ಎಷ್ಟು ದೂರ ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ನಾನೂ ಕೇಳಿರಲಿಲ್ಲ ಬಿಡಿ.

2011ರಲ್ಲಿ ನಾನು ಬಂದಾಗ ನಾವು ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುತ್ತಿದ್ದದ್ದು ಟಿಕೆಟ್. ವಾರಾಂತ್ಯದ ಒಂದೇ ಟಿಕೆಟ್‌ನಲ್ಲಿ ಐದು ಜನ ಇಡೀ ದಿನ ಪ್ರಾದೇಶಿಕ ರೈಲುಗಳಲ್ಲಿ ಸುತ್ತಬಹುದಿತ್ತು. ನಾಲ್ವರೇ ಆದರೆ ತಲೆಗೆ ಬೀಳುವ ಖರ್ಚು ಹೆಚ್ಚು. ಹಾಗಾಗಿ ಊರು ಗೊತ್ತಾಗುವ ಮೊದಲೇ ಐದನೆಯವನ ಹುಡುಕಾಟ. ಸಿಕ್ಕವನು ಹ್ಯಾಂಬರ್ಗ್ ಎಂದರೆ ಹ್ಯಾಂಬರ್ಗ್. ನಸುಕಿನಲ್ಲಿ ಪುಳಿಯೋಗರೆ ಕಟ್ಟಿಕೊಂಡು ಹೊರಟು, ರೈಲು ಬದಲಿಸಿ ಬದಲಿಸಿ ಮಧ್ಯಾಹ್ನ ತಲುಪಿ, ಬಂದರಿನ ಎದುರು ಫೋಟೊ ತೆಗೆಸಿಕೊಂಡು ಮತ್ತೆ ನಿಲ್ದಾಣಕ್ಕೆ ಓಟ.

ಒಮ್ಮೆ ಸೀಟು ಸಿಗದೆ ಐದನೆಯವನು ಮುಂದಿನ ಬೋಗಿಗೆ ಹೋದ. ನಡುವೆ ಒಂದು ನಿಲ್ದಾಣದಲ್ಲಿ ಜರ್ಮನ್‌ನಲ್ಲಿ ಏನೋ ಘೋಷಣೆ. ತಡವಾದದ್ದಕ್ಕೆ ಕ್ಷಮೆ ಕೇಳುತ್ತಿದ್ದಾರೆ ಎಂದುಕೊಂಡು ನಾವು ಚಕ್ಕುಲಿ ತಿನ್ನುತ್ತಾ ಕುಳಿತೆವು. ಕ್ಷಮೆಯಲ್ಲ; ರೈಲು ಅಲ್ಲಿ ಎರಡಾಗಿ, ಮುಂದಿನ ಅರ್ಧ ಒಂದು ಊರಿಗೆ, ಹಿಂದಿನದು ಇನ್ನೊಂದಕ್ಕೆ ಹೋಗುತ್ತದೆ ಎಂಬ ಸೂಚನೆ. ಟಿಕೆಟ್ ಐದನೆಯವನ ಜೇಬಿನಲ್ಲಿತ್ತು. ನಮ್ಮ ಅರ್ಧದಲ್ಲಿ ತಪಾಸಣೆಯವರು ಬಂದರು. ನಾಲ್ವರಿಗೂ ದಂಡ. ಭಾಷೆ ಕಲಿಯಿರಿ ಎಂದು ನಾನು ಕಾಡುವುದು ಸಂಸ್ಕೃತಿಯ ಮೇಲಿನ ಪ್ರೀತಿಯಿಂದಲ್ಲ.

ಆ ಟಿಕೆಟ್ 2019ರಲ್ಲಿ ನಿಂತಿತು. ಈಗ ಅನೇಕ ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್ ಶುಲ್ಕದೊಂದಿಗೇ ದೇಶವಿಡೀ ನಡೆಯುವ ಟಿಕೆಟ್ ಬರುತ್ತದೆ; ಐಸಿಇ, ಐಸಿ ಎಂಬ ದೂರದೂರಿನ ವೇಗದ ರೈಲುಗಳಿಗೆ ಮಾತ್ರ ನಡೆಯದು. ಗಡಿ ದಾಟುವಾಗ ಪಾಸ್‌ಪೋರ್ಟ್, ವಾಸದ ಪರವಾನಗಿ ಎರಡೂ ಇರಲಿ. ಲಂಡನ್‌ಗೆ ಬೇರೆ ವೀಸಾ.

ಸಾಲ ಮಾಡಿ ಕಳಿಸಿದ ಅಪ್ಪನಿಗೆ ಐಫೆಲ್ ಗೋಪುರದ ಕೆಳಗೆ ನಿಂತ ಮಗನ ಫೋಟೊ ಬೇಕು ಎಂದು ನಾನೇ ಅಂದುಕೊಂಡಿದ್ದೆ. 2016ರಲ್ಲಿ ಅವರು ಬಂದಾಗ ಕೇಳಿದ್ದೇ ಬೇರೆ: ಓದುವಾಗ ಎಲ್ಲಿದ್ದೆ, ತರಕಾರಿ ಎಲ್ಲಿ ತರುತ್ತಿದ್ದೆ. ಹಾಸ್ಟೆಲ್, ಅಂಗಡಿ ತೋರಿಸಿದ ಮೇಲೂ ಹೊತ್ತು ಉಳಿಯಿತು. ಸಿಟಿ ಬಸ್ ಹತ್ತಿ ವಾಲ್ಸ್‌ಗೆ ಹೋದೆವು. ಜರ್ಮನಿ, ನೆದರ್ಲೆಂಡ್ಸ್, ಬೆಲ್ಜಿಯಂ ಮೂರೂ ಕೂಡುವ ಬೆಟ್ಟ ಅಲ್ಲಿದೆ. ಎತ್ತರ 322 ಮೀಟರ್. ಐದು ವರ್ಷ ಅದರ ಪಕ್ಕದಲ್ಲೇ ಇದ್ದು ನಾನು ನೋಡಿದ್ದು ಅದೇ ಮೊದಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದ ಅಪ್ಪ, "ಇದನ್ನೂ ಬೆಟ್ಟ ಅನ್ನುತ್ತಾರೇನೋ?" ಎಂದರು. ಇಲ್ಲಿ ಹುಟ್ಟಿದ ನನ್ನ ಮಗಳಿಗೆ ಬೆಟ್ಟ ಎಂದರೆ ಅದೇ.

ಮೊದಲ ಸೆಮಿಸ್ಟರಿನಲ್ಲಿ ಸಿಟಿ ಬಸ್ ಹೋಗುವಷ್ಟು ದೂರವನ್ನು ಸುತ್ತಿ ಮುಗಿಸಿ. ಇದನ್ನು ಹೇಳಲು ನನಗೇನೂ ಅಧಿಕಾರವಿಲ್ಲ. ಮೈಸೂರಿನಲ್ಲೇ ಬೆಳೆದ ನಾನು ಸೋಮನಾಥಪುರಕ್ಕೆ ಹೋದದ್ದು ಕಳೆದ ಬೇಸಿಗೆಯಲ್ಲಿ, ಇಲ್ಲಿನ ಸಹೋದ್ಯೋಗಿಯೊಬ್ಬರು ಅದರ ಬಗ್ಗೆ ಕೇಳಿದ ಮೇಲೆ. ಮಗಳು ಗೋಡೆಯ ಬುಡದ ಆನೆಗಳನ್ನು ಎಣಿಸುತ್ತಾ ಮೂಲೆ ತಿರುಗಿದವಳು ನಿಂತು, "ಅಪ್ಪಾ, ಚಿಕ್ಕವನಿದ್ದಾಗ ಇಲ್ಲಿಗೆ ಎಷ್ಟು ಸಲ ಬಂದಿದ್ದೆ?" ಎಂದಳು. ಬಿಸಿಲು ಜೋರಾಗಿದೆ, ಟೋಪಿ ಹಾಕಿಕೊ ಎಂದೆ.