ಕರೆಂಟ್ ಬಿಲ್‌ನ ನಿಗದಿತ ಶುಲ್ಕ ಇಳಿಸಿಕೊಳ್ಳುವುದು ಹೇಗೆ?

ತಿಂಗಳಿಡೀ ಮನೆಗೆ ಬೀಗ ಹಾಕಿದ್ದರೂ ಏಳ್ನೂರು ಚಿಲ್ಲರೆ ರೂಪಾಯಿ ಕರೆಂಟ್ ಬಿಲ್ ಬರುತ್ತದೆ. ಮೀಟರ್ ಕೆಟ್ಟಿಲ್ಲ. ಅದು ನಿಗದಿತ ಶುಲ್ಕ, ಒಂದು ಯೂನಿಟ್ ಬಳಸದಿದ್ದರೂ ಕಟ್ಟಲೇಬೇಕು.

ಬ್ರಿಟನ್‌ನಲ್ಲಿ ಇದನ್ನು ದಿನದ ಲೆಕ್ಕದಲ್ಲಿ ಹಾಕುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಮನೆಗಳಿಗೆ ಸರಾಸರಿ ದಿನಕ್ಕೆ 61 ಪೆನ್ಸ್ ಇತ್ತು, ಮನೆ ಸಣ್ಣದಾದರೂ ಅಷ್ಟೇ. ನಮ್ಮ ಕರ್ನಾಟಕದಲ್ಲಿ ಲೆಕ್ಕ ಬೇರೆ. ಮಂಜೂರಾದ ಲೋಡ್, ಅಂದರೆ ನಿಮ್ಮ ಮನೆ ಒಂದೇ ಹೊತ್ತಿಗೆ ಇಷ್ಟು ಎಳೆಯಬಹುದು ಅಂತ ವಿದ್ಯುತ್ ಕಂಪನಿ ಒಪ್ಪಿದ ಮಿತಿ; ಅದರ ಒಂದೊಂದು ಕಿಲೋವ್ಯಾಟ್‌ಗೆ ತಿಂಗಳಿಗೆ ಇಷ್ಟು ಅಂತ. ಲೋಡ್ ಇಳಿಸಿದರೆ ಶುಲ್ಕವೂ ಇಳಿಯುತ್ತದೆ.

ಮನೆಗಳಿಗೆ ಈ ದರ 2025ರ ಏಪ್ರಿಲ್‌ನಲ್ಲಿ 120 ರೂಪಾಯಿಯಿಂದ 145ಕ್ಕೆ ಏರಿತು. ಅದೇ ಆದೇಶದಲ್ಲಿ ಯೂನಿಟ್ ದರ 10 ಪೈಸೆ ಇಳಿಯಿತು, ನಿಜ. ಆದರೆ 5 ಕಿಲೋವ್ಯಾಟ್ ಮನೆಗೆ ನಿಗದಿತ ಶುಲ್ಕವೇ 125 ರೂಪಾಯಿ ಜಾಸ್ತಿಯಾಯಿತಲ್ವಾ? ಅದನ್ನು 10 ಪೈಸೆಯಲ್ಲಿ ಸರಿದೂಗಿಸಲು ತಿಂಗಳಿಗೆ 1,250 ಯೂನಿಟ್ ಸುಡಬೇಕು. ಯಾರ ಮನೆಯಲ್ಲಿ ಅಷ್ಟು ಖರ್ಚಾಗುತ್ತದೆ?

ಮೊದಲು ಬಿಲ್ ಓದಿ

ಎರಡು ಅಂಕಿ ಹುಡುಕಿ. ಒಂದು, ಮಂಜೂರಾದ ಲೋಡ್. ಮನೆ ಕಟ್ಟಿದಾಗ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ 'ಇರ್ಲಿ ಬಿಡಿ ಸಾರ್, ಮುಂದೆ ಬೇಕಾಗುತ್ತೆ' ಅಂತ ಬರೆಸಿದ ಅಂಕಿ ಇದು. ಆಮೇಲೆ ಅದನ್ನು ಯಾರೂ ತಿರುಗಿ ನೋಡಿರುವುದಿಲ್ಲ. ಇನ್ನೊಂದು, ದಾಖಲಾದ ಬೇಡಿಕೆ, ಅಂದರೆ ಎಂ.ಡಿ. ಆ ತಿಂಗಳಲ್ಲಿ ಒಂದೇ ಹೊತ್ತಿಗೆ ನಿಮ್ಮ ಮನೆ ಎಳೆದ ಅತಿ ಹೆಚ್ಚು ಕರೆಂಟ್. ಇದು ಕೆಲವು ನಿಮಿಷಗಳ ಸರಾಸರಿ. ಹಾಗಾಗಿ ಮಿಕ್ಸಿ ಅರ್ಧ ನಿಮಿಷ ತಿರುಗಿಸಿದರೆ ಗಾಬರಿ ಬೇಡ.

ಲೋಡ್ 5 ಇದ್ದು ಎಂ.ಡಿ. 2.3 ದಾಟಿಲ್ಲ ಅಂದರೆ ನೀವು ಸುಮ್ನೆ ಕಟ್ಟುತ್ತಿದ್ದೀರಿ.

ಒಂದು ತಿಂಗಳ ಬಿಲ್ ನಂಬಬೇಡಿ

ಒಂದು ವರ್ಷದ ಬಿಲ್‌ಗಳನ್ನು ಹರಡಿಕೊಂಡು ಕೂರಿ. ಚಳಿಗಾಲದಲ್ಲಿ ಗೀಸರ್, ಬೇಸಿಗೆಯಲ್ಲಿ ಏಸಿ. ಬೆಳಿಗ್ಗೆ ಏಳು ಗಂಟೆಯ ಹೊತ್ತನ್ನು ನೆನೆಸಿಕೊಳ್ಳಿ. ಗೀಸರ್ 2 ಕಿಲೋವ್ಯಾಟ್, ಇಸ್ತ್ರಿ ಪೆಟ್ಟಿಗೆ 1, ಒಂದು ಎಚ್‌ಪಿ ಪಂಪ್ ಮುಕ್ಕಾಲು. ಮೂರೂ ಒಟ್ಟಿಗೆ ಓಡಿದರೆ 3.75. ಟ್ಯಾಂಕ್ ತುಂಬಿಸುವುದನ್ನು ಮಧ್ಯಾಹ್ನಕ್ಕೆ ತಳ್ಳಿದರೆ 3. ಅದೇ ಇಂಡಕ್ಷನ್ ಒಲೆಯೂ ಸೇರಿದರೆ ಇನ್ನೊಂದು 2 ಕೂಡಿಸಿಕೊಳ್ಳಿ.

ವರ್ಷದ ಅತಿ ಹೆಚ್ಚಿನ ಎಂ.ಡಿ.ಗಿಂತ ಸ್ವಲ್ಪ ಮೇಲೆ ನಿಲ್ಲಿ. ತೀರಾ ಬಿಗಿ ಹಿಡಿದರೆ ಮಂಜೂರಾತಿ ಮೀರಿದ್ದಕ್ಕೆ ದಂಡ ಬೀಳುತ್ತದೆ, ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ. ವಿದ್ಯುತ್ ವಾಹನ ಕೊಳ್ಳುವ, ಚಾವಣಿಗೆ ಸೋಲಾರ್ ಹಾಕಿಸುವ ಯೋಚನೆ ಇದ್ದವರು ಈಗಲೇ ಇಳಿಸದಿರುವುದು ವಾಸಿ.

ಅರ್ಜಿ

ನಿಮ್ಮ ಎಸ್ಕಾಂನ (ಬೆಸ್ಕಾಂ, ಹೆಸ್ಕಾಂನಂಥ ವಿದ್ಯುತ್ ಕಂಪನಿ) ಉಪವಿಭಾಗದ ಕಚೇರಿಗೆ ಹೋಗಿ ಲೋಡ್ ಕಡಿಮೆ ಮಾಡಲು ಅರ್ಜಿ ಕೊಡಿ. ಆರ್.ಆರ್. ನಂಬರ್ (ಬಿಲ್‌ನಲ್ಲಿರುವ ನಿಮ್ಮ ಸಂಪರ್ಕದ ಸಂಖ್ಯೆ), ಇತ್ತೀಚಿನ ಬಿಲ್, ಗುರುತಿನ ಚೀಟಿ ಜೊತೆಗಿರಲಿ. ಬಾಕಿ ಇದ್ದರೆ ಮೊದಲೇ ಕಟ್ಟಿಬಿಡಿ. ಬಾಡಿಗೆ ಮನೆಯಾದರೆ ಮೀಟರ್ ಯಾರ ಹೆಸರಲ್ಲಿದೆಯೋ ಅವರ ಸಹಿ ಬೇಕು. ಮಾಲೀಕರಿಗೆ ಈ ಲೆಕ್ಕ ತೋರಿಸಿ ಕೇಳಿ. ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಡಬೇಡಿ.

5ರಿಂದ 3 ಕಿಲೋವ್ಯಾಟ್‌ಗೆ ಇಳಿದರೆ, 145ರ ದರದಲ್ಲಿ ತಿಂಗಳಿಗೆ 290, ವರ್ಷಕ್ಕೆ 3,480 ರೂಪಾಯಿ ಉಳಿತಾಯ.

ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವವರಿಗೆ ಇದರ ಬಿಸಿ ತಟ್ಟುವುದಿಲ್ಲ. ಆದರೆ ಬೇಸಿಗೆಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಬರುತ್ತದೆ, ನಿಗದಿತ ಶುಲ್ಕವೂ ಸೇರಿ.

ಅಂಗಡಿ, ಗಿರಣಿ

ಅಂಗಡಿಗಳಿಗೆ ದರ ಇನ್ನೂ ಜಾಸ್ತಿ, ಕಿಲೋವ್ಯಾಟ್‌ಗೆ 200 ರೂಪಾಯಿಗೂ ಮೇಲೆ. ಫ್ರಿಜ್ ಮಾರಿ, ಏಸಿ ಕಿತ್ತು ವರ್ಷಗಳಾದರೂ ಹಳೇ ಲೋಡ್‌ಗೇ ಕಟ್ಟುವವರಿದ್ದಾರೆ. ಹಿಟ್ಟಿನ ಗಿರಣಿಯ ಲೋಡ್ ಎಚ್‌ಪಿಯಲ್ಲಿರುತ್ತದೆ. ಎರಡು ಮೋಟಾರಿನಲ್ಲಿ ಒಂದನ್ನು ತೆಗೆದಿದ್ದರೆ ಅದರ ಎಚ್‌ಪಿಯನ್ನು ಬಿಲ್‌ನಿಂದಲೂ ತೆಗೆಸಿ.

ಅರ್ಜಿ ಮಂಜೂರಾದ ಮೇಲೆ ಮುಂದಿನ ಬಿಲ್‌ನಲ್ಲಿ ಲೋಡ್ ಅಂಕಿ ಬದಲಾಗಿದೆಯೇ ನೋಡಿ. ಆಗಿಲ್ಲವೆಂದರೆ 1912ಕ್ಕೆ ಫೋನ್ ಮಾಡಿ ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ಅದಕ್ಕೂ ಜಗ್ಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ಅಲ್ಲಿ ಕೆಲಸಕ್ಕೆ ಬರುವುದು ಆ ಸ್ವೀಕೃತಿ ಚೀಟಿಯೇ.