ಹಸು ಸತ್ತ ದಿನವೇ ದುಡ್ಡು: ಬಂಡೀಪುರದ ಅಂಚಿನಲ್ಲಿ ನನ್ನ ಅನುಭವ

ನಮ್ಮ ಹೋಂಸ್ಟೇ ಬಿಲ್ಲಿನಲ್ಲಿ ಒಂದು ಸಾಲಿದೆ: ದನದ ದುಡ್ಡು, 300 ರೂಪಾಯಿ. ಒಂದು ರೂಮಿಗೆ, ಒಂದು ರಾತ್ರಿಗೆ. ಅಕ್ಕಪಕ್ಕದ ಎರಡು ಊರಲ್ಲಿ ಹುಲಿ ದನ ಹಿಡಿದರೆ, ಆ ಮನೆಯವರ ಕೈಗೆ ಅದೇ ದಿನ ಹೊತ್ತು ಮುಳುಗುವುದರೊಳಗೆ ಈ ದುಡ್ಡು ಸೇರುತ್ತದೆ. ಉಪಾಯ ಇಷ್ಟೇ. ಶುರು ಮಾಡಿದಾಗ ಗುಂಡ್ಲುಪೇಟೆ ಕಡೆಯ ಲಾಡ್ಜಿನವರು ನಕ್ಕಿದ್ದೇ ನಕ್ಕಿದ್ದು. “ಸರ್ಕಾರ ಪರಿಹಾರ ಕೊಡ್ತದೆ, ನಿಂಗ್ಯಾಕಪ್ಪ ಈ ಉಸಾಬರಿ? ನೋಡ್ತಿರು, ಕಾಯಿಲೆ ಬಂದು ಸತ್ತ ಕರುನೂ ನಿನ್ ಗೇಟಿಗೇ ತಂದು ಹಾಕ್ತಾರೆ” ಅಂದರು. ಅವರಲ್ಲಿ ಇಬ್ಬರು ಈಚೆಗೆ ನಮ್ಮ ಲೆಕ್ಕದ ಪುಸ್ತಕ ನೋಡಲು ಬಂದಿದ್ದರು. ಕಾಫಿ ಕೊಟ್ಟು ತೋರಿಸಿದೆ. ಒಬ್ಬೊಬ್ಬರಿಗೂ ಹೇಳುತ್ತಾ ಕೂರುವ ಬದಲು ಬರೆದುಬಿಡೋಣ ಅನ್ನಿಸಿತು.

 

ನಾವೆಲ್ಲ ಬದುಕುವುದು ಹುಲಿಯ ಹೆಸರಲ್ಲಿ. ಆದರೆ ಸಫಾರಿ ನಮ್ಮ ಕೈಲಿಲ್ಲ. ಬಂಡೀಪುರದಲ್ಲಿ ಖಾಸಗಿ ಗಾಡಿ ಸಫಾರಿಗೆ ಬಿಡಲ್ಲ. ಅರಣ್ಯ ಇಲಾಖೆಯ ಬಸ್ಸು, ಇಲ್ಲದಿದ್ದರೆ ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್‌ನವರ ಜೀಪು. ಅತಿಥಿ ಹುಲಿ ನೋಡಿದರೆ ನಮ್ಮ ಪುಣ್ಯ. ನೋಡದಿದ್ದರೆ ರಿವ್ಯೂನಲ್ಲಿ ಒಂದು ಸ್ಟಾರ್ ಕಟ್. 2012ರಲ್ಲಿ ಸುಪ್ರೀಂ ಕೋರ್ಟ್ ಜುಲೈನಿಂದ ಅಕ್ಟೋಬರ್‌ವರೆಗೆ ದೇಶದ ಹುಲಿ ಸಂರಕ್ಷಿತ ಪ್ರದೇಶಗಳ ಒಳಭಾಗವಾದ ಕೋರ್‌ನಲ್ಲಿ ಪ್ರವಾಸೋದ್ಯಮವನ್ನೇ ನಿಲ್ಲಿಸಿತ್ತು. 2020ರಲ್ಲಿ ಕೊರೊನಾ. 2025ರ ನವೆಂಬರ್‌ನಲ್ಲಿ, ಕಾಡಂಚಿನ ರೈತರ ಮೇಲೆ ಹುಲಿ ದಾಳಿಗಳಾದ ಮೇಲೆ, ಬಂಡೀಪುರ ಮತ್ತು ನಾಗರಹೊಳೆ ಎರಡರಲ್ಲೂ ಸಫಾರಿ ಬಂದ್. ಯಾವಾಗ ಮುಚ್ಚುತ್ತದೋ ಗೊತ್ತಿಲ್ಲದ ಬಾಗಿಲನ್ನು ನಂಬಿ ಬ್ಯಾಂಕ್ ಸಾಲ ಮಾಡೋದು ಹೇಗೆ?

ಇನ್ನೊಂದು ಕಡೆ ಹುಲಿ ಜಾಸ್ತಿ ಆಗುತ್ತಿವೆ. ಕರ್ನಾಟಕದ ಲೆಕ್ಕ 2014ರಲ್ಲಿ 406, 2018ರಲ್ಲಿ 524, 2022ರಲ್ಲಿ 563. ಸಂತೋಷವೇ. ವಯಸ್ಸಾದ ಗಂಡು, ಅಮ್ಮನ ಬಿಟ್ಟು ಬಂದ ಎರಡು ವರ್ಷದ ಹುಡುಗ ಹುಲಿ, ಇವು ಒಳಗೆ ಜಾಗ ಸಿಗದೆ ಅಂಚಿಗೆ ಬರುತ್ತವೆ. ಅಂಚಿನಲ್ಲಿ ದನ ಇದೆ. ಹುಲಿ ಹೆಚ್ಚಿದ್ದರ ಲಾಭ ನನ್ನಂಥ ಲಾಡ್ಜಿನವನಿಗೆ, ನಷ್ಟ ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುವವನಿಗೆ. ಈ ಲೆಕ್ಕ ಸರಿಮಾಡದೆ ‘ಸಂರಕ್ಷಣೆ’ ಅಂತ ಗೋಡೆ ಮೇಲೆ ಬರೆಸಿದರೆ ಊರಿನವರು ನಗುತ್ತಾರೆ.

ಈಗಿರುವ ರೂಪಕ್ಕೆ ಬರುವ ಮೊದಲು ಮೂರು ದಾರಿ ಹಿಡಿದು ನೋಡಿದ್ದೆ. ಮೂರೂ ಮಲಗಿದವು.

ಮೊದಲನೆಯದು ಡಬ್ಬಿ. ರಿಸೆಪ್ಷನ್‌ನಲ್ಲಿ ಮರದ ಡಬ್ಬಿ, ಮೇಲೆ ಹುಲಿ ಚಿತ್ರ. ವರ್ಷಕ್ಕೆ ಮೂರೋ ನಾಲ್ಕೋ ಸಾವಿರ ಬೀಳುತ್ತಿತ್ತು. ಜೀಪಿಗೆ ಸಾವಿರಗಟ್ಟಲೆ ಕೊಡುವವರು ಡಬ್ಬಿಗೆ ಇಪ್ಪತ್ತು ರೂಪಾಯಿ ಹಾಕಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅದರಲ್ಲಿ ಒಂದು ಕರು ಕೂಡ ಬರಲ್ಲ.

ಎರಡನೆಯದು ಲಾಭದಲ್ಲಿ ನೂರಕ್ಕೆ ಐದು. ಕಾಗದದ ಮೇಲೆ ಚೆನ್ನಾಗಿತ್ತು. ಲಾಭವೇ ಇರಲಿಲ್ಲ ಅಲ್ವಾ! ಬೋರ್‌ವೆಲ್, ಸೋಲಾರ್, ಸಾಲದ ಕಂತು ಎಲ್ಲ ಕಳೆದರೆ ಕೈಗೆ ಸೊನ್ನೆ. ಊರಿನವರು ನಂಬಲಿಲ್ಲ. “ಹೊಸದಾಗಿ ಎರಡು ರೂಮ್ ಕಟ್ಸಿದ್ದೀಯ, ಲಾಭ ಇಲ್ವಂತೆ” ಅಂದರು. ಅವರು ಹೇಳೋದರಲ್ಲೂ ನ್ಯಾಯ ಇತ್ತು.

ಮೂರನೆಯದು ಕೈಗಡ. ಇದು ತುಂಬಾ ಕೆಟ್ಟದ್ದು. ಹಸು ಸತ್ತ ದಿನ ನಾನು ಕೊಡುವುದು, ಸರ್ಕಾರದ ಪರಿಹಾರ ಬಂದಾಗ ಅವರು ವಾಪಸ್ ಕೊಡುವುದು. ಪಶುವೈದ್ಯರ ಸರ್ಟಿಫಿಕೇಟ್, ಮಹಜರು, ಫೋಟೊ, ಪಾಸ್‌ಬುಕ್ ಎಲ್ಲ ಸೇರಿ ದುಡ್ಡು ಬರುವ ಹೊತ್ತಿಗೆ ತಿಂಗಳುಗಳು. ಬಂದ ದುಡ್ಡು ಮಗಳ ಫೀಸಿಗೋ ಅರಿಶಿನದ ಗೊಬ್ಬರಕ್ಕೋ ಹೋಗಿರುತ್ತದೆ. ಎಂಬತ್ತು ಸಾವಿರದ ಹತ್ತಿರ ಕೊಟ್ಟಿದ್ದೆ, ಅರ್ಧ ವಾಪಸ್ ಬರಲಿಲ್ಲ. ದುಡ್ಡು ಹೋದದ್ದಕ್ಕಿಂತ ದೊಡ್ಡ ತೊಂದರೆ ಬೇರೆ. ಸಾಲ ಇಟ್ಟುಕೊಂಡವರು ನನ್ನನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಿದ್ದರು. ದನ ಸತ್ತ ಸುದ್ದಿಯೇ ನನಗೆ ಬರುವುದು ನಿಂತಿತು. ಸುದ್ದಿ ಬರದಿದ್ದರೆ ಈ ಕೆಲಸವೇ ಇಲ್ಲ.

ಯಾಕೆಂದರೆ ಎಲ್ಲ ಇರುವುದು ಮೊದಲ ಒಂದು ದಿನದಲ್ಲಿ. ಹುಲಿ ದೊಡ್ಡ ದನ ಹೊಡೆದರೆ ಮೂರು ನಾಲ್ಕು ದಿನ ಅದರ ಹತ್ತಿರವೇ ಇದ್ದು ತಿನ್ನುತ್ತದೆ. ಕಳೇಬರ ಎಳೆದು ಹಾಕಿದರೆ ಹಸಿದ ಹುಲಿ ಇನ್ನೊಂದು ಹಿಡಿಯುತ್ತದೆ. ಸಿಟ್ಟಲ್ಲಿ ವಿಷ ಹಾಕಿದರೆ ಇನ್ನೇನು? 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ವಿಷ ಹಾಕಿದ ಹಸುವನ್ನು ತಿಂದು ಒಂದು ತಾಯಿ ಹುಲಿ, ನಾಲ್ಕು ಮರಿ ಸತ್ತವು. ಒಂದು ಹಸು, ಐದು ಹುಲಿ. ಜೀಪಿನ ಸದ್ದಿನಿಂದ ಒಂದು ಹುಲಿಗೆ ಎಷ್ಟು ತೊಂದರೆ ಅಂತ ನಾವು ವರ್ಷಗಟ್ಟಲೆ ಸೆಮಿನಾರ್ ಮಾಡುತ್ತೇವೆ. ಮಾಡಬೇಕು, ಬೇಡ ಅನ್ನಲ್ಲ. ಆದರೆ ನನ್ನ ಪ್ರಕಾರ ಹುಲಿಯ ಹಣೆಬರಹ ತೀರ್ಮಾನ ಆಗುವುದು ಆ ಸಂಜೆ, ಹಸು ಕಳಕೊಂಡವನ ಜಗಲಿ ಮೇಲೆ. ಆ ಸಂಜೆ ಅಲ್ಲಿ ಯಾರಾದರೂ ಹೋಗಿ ಕೂತರೆ, ಕೈಗೆ ಕಾಸು ಇಟ್ಟರೆ, ಸಿಟ್ಟು ಅರ್ಧ ಇಳಿಯುತ್ತದೆ.

ಹಾಗಾಗಿ ಈಗಿನ ವ್ಯವಸ್ಥೆ. ದುಡ್ಡು ವಾಪಸ್ ಕೊಡಬೇಕಿಲ್ಲ. ಸರ್ಕಾರದ ಪರಿಹಾರ ಬಂದರೆ ಅದೂ ಅವರದ್ದೇ. ನಾಟಿ ಹಸುವಿಗೆ 10,000, ಎತ್ತಿಗೆ 15,000, ಸೀಮೆ ಹಸುವಿಗೆ 20,000, ಕರುವಿಗೆ 4,000. ಪೂರ್ತಿ ಬೆಲೆ ಅಲ್ಲ. ಒಳ್ಳೆ ಸೀಮೆ ಹಸು ಈಗ ಅರವತ್ತು ಸಾವಿರ ದಾಟಿದೆ. ಪೂರ್ತಿ ಕೊಡಲೂಬಾರದು. ಕೊಟ್ಟರೆ ಕೊಟ್ಟಿಗೆ ಬಾಗಿಲು ಹಾಕುವವರು ಯಾರು?

ದುಡ್ಡು ನನ್ನ ಹತ್ತಿರ ಇಲ್ಲ. ಇದು ಮುಖ್ಯ. ಸ್ತ್ರೀಶಕ್ತಿ ಸಂಘದ ಬೇರೆ ಖಾತೆಯಲ್ಲಿ ಇರುತ್ತದೆ. ಮೂವರು ಸೇರಿ ತೀರ್ಮಾನ: ಸಂಘದ ಅಕ್ಕ, ಡೈರಿ ಕಾರ್ಯದರ್ಶಿ, ನಾನು. ಸುಮಾರು ಮೂವತ್ತು ಸಾವಿರ ನಗದು ಯಾವಾಗಲೂ ಅಕ್ಕನ ಮನೆ ಬೀರುವಿನಲ್ಲಿ ಇರುತ್ತದೆ. ಭಾನುವಾರ ಬ್ಯಾಂಕ್ ರಜೆ ಅಂತ ಹುಲಿಗೆ ಗೊತ್ತಾಗಲ್ಲ. ಫೋನಿನಲ್ಲಿ ಕಳಿಸಬಹುದಲ್ವಾ ಅಂತ ಬೆಂಗಳೂರಿನ ಅತಿಥಿಗಳು ಕೇಳುತ್ತಾರೆ. ಕಳಿಸಬಹುದು. ಆದರೆ ಮನೆಗೆ ಹೋಗಿ, ಅವರು ಬೈದರೆ ಬೈಸಿಕೊಂಡು, ಕೈಗೆ ಕೊಟ್ಟು ಬರುವುದರ ಗುಣವೇ ಬೇರೆ.

ಡೈರಿ ಕಾರ್ಯದರ್ಶಿಯನ್ನು ಸೇರಿಸಿಕೊಂಡದ್ದು ನನ್ನ ಒಳ್ಳೆಯ ಬುದ್ಧಿ ಅಂತ ಹೇಳಿಕೊಳ್ಳಲು ಸಂಕೋಚ ಇಲ್ಲ. ಯಾರ ಹಸು ಎಷ್ಟು ಲೀಟರ್ ಕೊಡುತ್ತಿತ್ತು, ಯಾವುದು ಬತ್ತಿದೆ, ಯಾವುದು ಗಬ್ಬ, ಎಲ್ಲ ಆತನ ನಾಲಿಗೆ ತುದಿಯಲ್ಲಿ. ದನದ ಕಿವಿಗೆ ಹಾಕುವ ಸರ್ಕಾರದ ಹಳದಿ ಗುರುತಿನ ಓಲೆಯ 12 ಅಂಕಿ ಫೋಟೊದಲ್ಲಿ ಕಾಣಬೇಕು. ಓಲೆ ಇಲ್ಲದ ದನಕ್ಕೆ ಅರ್ಧ. ಈ ನಿಯಮ ಬಂದ ಮೇಲೆ ಊರಲ್ಲಿ ಓಲೆ ಹಾಕಿಸಿಕೊಳ್ಳಲು ಜನ ತಾವೇ ಹೋದರು. ಷರತ್ತು ಎರಡೇ. ಕಳೇಬರ ಮುಟ್ಟಬಾರದು, ಅರಣ್ಯ ಇಲಾಖೆಯ ಬೀಟ್ ಗಾರ್ಡ್‌ಗೆ ಮೊದಲು ಫೋನ್ ಮಾಡಬೇಕು. ಜನ ಎಳೆದು ಹಾಕಿದ ಗುರುತು ಕಂಡರೆ ದುಡ್ಡಿಲ್ಲ.

ಇನ್ನು ಕಾಡಿನ ಒಳಗೆ ಮೇಯಲು ಬಿಟ್ಟ ದನ ಸತ್ತರೆ? ಕಾನೂನಿನಲ್ಲಿ ಅದು ತಪ್ಪು. ಮೊದಲು ಅದಕ್ಕೆ ಏನೂ ಕೊಡುತ್ತಿರಲಿಲ್ಲ. ಸಂಘದ ಅಕ್ಕನೇ ಒಂದು ದಿನ ಕೇಳಿದರು, “ಪರಿಹಾರನೂ ಬರಲ್ಲ, ನೀವೂ ಕೊಡಲ್ಲ ಅಂದ್ರೆ ಅವನು ಸುಮ್ನೆ ಇರ್ತಾನಾ ಅಣ್ಣ?” ವಿಷ ಬೀಳುವುದು ಅಂಥ ಕಡೆಯೇ. ಈಗ ಅದಕ್ಕೂ ಕಾಲು ಭಾಗ ಕೊಡುತ್ತೇವೆ, ಒಂದು ಮನೆಗೆ ಒಂದೇ ಸಲ. ಇದಕ್ಕೆ ಕೆಲವು ಸಂರಕ್ಷಣೆಯ ಗೆಳೆಯರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಇರಲಿ.

ಮೋಸ ಆಗಲ್ವಾ? ಆಯ್ತು. ಕಾಯಿಲೆಯ ಹಸುವಿನ ಕತ್ತಿಗೆ ಗಾಯ ಮಾಡಿ ತೋರಿಸಿದ್ದರು. ಹುಲಿಯ ಕೋರೆಹಲ್ಲಿನ ಗುರುತು, ರಕ್ತ, ಹುಲಿ ಎಳೆದ ದಾರಿ, ಹಿಂಭಾಗದಿಂದ ತಿನ್ನಲು ಶುರು ಮಾಡಿದೆಯಾ ಅನ್ನೋದನ್ನು ನೋಡುತ್ತೇವೆ. ಇವುಗಳ ಜೊತೆ ನಾವು ಇನ್ನೊಂದು ಚಿಕ್ಕ ಪರೀಕ್ಷೆ ಮಾಡುತ್ತೇವೆ. ಎರಡು ನಿಮಿಷದ್ದು, ಖರ್ಚಿಲ್ಲ. ಅದನ್ನು ಇಲ್ಲಿ ಬರೆಯಲ್ಲ. ಬರೆದರೆ ನಾಳೆಯಿಂದ ಅದು ನಡೆಯಲ್ಲ. ನೀವು ನಿಜವಾಗಿ ಶುರು ಮಾಡಿದರೆ ಬನ್ನಿ, ತೋರಿಸುತ್ತೇನೆ.

ದನ ಸತ್ತ ಸುದ್ದಿ ಬೇಗ ನಮಗೂ ಬರುತ್ತದೆ ಅಂದಮೇಲೆ ಇನ್ನೊಂದು ಆಸೆ ಹುಟ್ಟುತ್ತದೆ. ಹೊಲದ ಬದುವಿನಲ್ಲಿ ಕಿಲ್, ಅಂದರೆ ಹುಲಿ ಹೊಡೆದ ದನ, ಬಿದ್ದಿದೆ, ಸಂಜೆ ಹುಲಿ ಬಂದೇ ಬರುತ್ತದೆ, ರೂಮಲ್ಲಿ ದೊಡ್ಡ ಲೆನ್ಸಿನವರು ಕೂತಿದ್ದಾರೆ. ಒಬ್ಬರು ಹತ್ತು ಸಾವಿರ ಕೈಗೆ ಕೊಡಲು ಬಂದಿದ್ದರು. ಇಲ್ಲ ಅಂದೆ. ರಿವ್ಯೂನಲ್ಲಿ ಬೈದರು. ನಮ್ಮ ಡ್ರೈವರ್ ಒಬ್ಬ ಇದೇ ವಿಷಯಕ್ಕೆ ಕೆಲಸ ಬಿಟ್ಟು ಹೋದ, ಟಿಪ್ಸ್ ತಪ್ಪಿತು ಅಂತ. ನಮ್ಮಲ್ಲಿ ಕಿಲ್ ಇರುವ ಜಾಗದ ಹೆಸರು ಅಡುಗೆಮನೆಯಲ್ಲೂ ಯಾರೂ ಹೇಳಲ್ಲ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ 2012ರ ಮಾರ್ಗಸೂಚಿಯಲ್ಲಿ ಪ್ರಾಣಿಯಿಂದ 20 ಮೀಟರ್‌ಗಿಂತ ಹೆಚ್ಚು ದೂರ, ಗಾಡಿಗಳ ನಡುವೆ 50 ಮೀಟರ್, ಒಂದು ಕಡೆ 15 ನಿಮಿಷಕ್ಕಿಂತ ಜಾಸ್ತಿ ನಿಲ್ಲಬಾರದು ಅಂತಿದೆ. ಅದನ್ನು ಕನ್ನಡದಲ್ಲಿ ಕಾರ್ಡ್ ಮಾಡಿಸಿ ಪ್ರತಿ ರೂಮಿನಲ್ಲಿ ಇಟ್ಟಿದ್ದೇನೆ. ತಮಾಷೆ ಅಂದರೆ, ಅತಿಥಿಗಳು ಅದನ್ನು ಹಿಡಿದುಕೊಂಡು ಜೀಪ್ ಡ್ರೈವರ್‌ಗಳಿಗೆ ಪಾಠ ಮಾಡುತ್ತಾರಂತೆ.

ಹುಲಿ ತೋರಿಸದೆ ಏನು ಮಾರುತ್ತೀಯ ಅಂತ ಕೇಳುತ್ತಾರೆ. ಗೋಪಾಲಸ್ವಾಮಿ ಬೆಟ್ಟಕ್ಕೆ ಬಸ್ಸು, ಕೆರೆ ಏರಿ ಮೇಲೆ ಹಕ್ಕಿ, ಮಳೆಗಾಲದಲ್ಲಿ ಸೂರ್ಯಕಾಂತಿ, ಚೆಂಡು ಹೂವಿನ ಹೊಲ. ಆ ಹೊಲ ನೋಡಲು ಕೇರಳದಿಂದ ಎಷ್ಟು ಜನ ಬರುತ್ತಾರೆ ಅಂತ ನಿಮಗೂ ಗೊತ್ತು. ಇವೆಲ್ಲಕ್ಕಿಂತ ಓಡುವುದು ದನ ಕಾಯುವ ಅಜ್ಜನ ಜೊತೆ ಅರ್ಧ ದಿನ. ಕಾಡಿಗಲ್ಲ, ಊರ ಹೊಲದಲ್ಲಿ. ತಲೆಗೆ 600, ಅದರಲ್ಲಿ 400 ಅಜ್ಜನಿಗೆ. ಹೆಜ್ಜೆ ಗುರುತು, ಕಡವೆ ಕೂಗು, ಗೊಬ್ಬರದ ಮೇಲೆ ಬಂದ ಜೀರುಂಡೆ, ಏನು ಕಂಡರೂ ಅಜ್ಜನ ಹತ್ತಿರ ಕತೆ ಇದೆ.

ಬೇರೆ ಪ್ರಯೋಗಗಳೂ ಇವೆ. ಕೊಟ್ಟಿಗೆ ಸುತ್ತ ಮಿಣುಕು ದೀಪ ಹಾಕಿಸಿದೆ. ಅಗ್ಗದವು ಮೊದಲ ಮಳೆಗೇ ಸತ್ತವು. ಒಳ್ಳೆಯವು ಒಂದಕ್ಕೆ ಎರಡು ಸಾವಿರದ ಮೇಲೆ. ಚಿರತೆ ಒಂದೆರಡು ತಿಂಗಳು ದೂರ ಇತ್ತು, ಆಮೇಲೆ ಅಭ್ಯಾಸ ಆಯಿತು. ವಾರಕ್ಕೊಮ್ಮೆ ಜಾಗ ಬದಲಿಸಿದರೆ ಪರವಾಗಿಲ್ಲ. ಆದರೆ ಹಸು ನಿದ್ದೆ ಮಾಡಲ್ಲ, ಹಾಲು ಕಡಿಮೆ ಆಯಿತು ಅಂತ ಹೆಂಗಸರು ದೀಪವನ್ನೇ ಕಿತ್ತು ಕೊಟ್ಟರು. ಕೊನೆಗೆ ಗಟ್ಟಿ ಬಾಗಿಲು, ಮೇಲೆ ಜಾಲರಿ. ಒಂದು ಕೊಟ್ಟಿಗೆಗೆ ಹನ್ನೆರಡು ಹದಿನೈದು ಸಾವಿರ, ಅರ್ಧ ನಿಧಿಯಿಂದ. ಚಿರತೆಗೆ ಇದಕ್ಕಿಂತ ಮದ್ದಿಲ್ಲ. ಹುಲಿ ಮಾತ್ರ ನಮ್ಮಲ್ಲಿ ಹೆಚ್ಚಾಗಿ ಹಿಡಿಯುವುದು ಹಗಲು, ಮೇಯುವ ಕಡೆ.

ಒಂದೂವರೆ ಎಕರೆಯಲ್ಲಿ ಲಂಟಾನ ಕಳೆ ಕೀಳಿಸಿದೆ. ಬರೀ ಕಡಿದರೆ ಮತ್ತೆ ಚಿಗುರುತ್ತದೆ. ಬುಡದ ಕೆಳಗೆ ಬೇರು ಕತ್ತರಿಸಿ ತಲೆಕೆಳಗಾಗಿ ಇಡಬೇಕು. ಎಕರೆಗೆ ಇಪ್ಪತ್ತು ಸಾವಿರ ಮೇಲಾಯಿತು. ಹುಲ್ಲು ಬಂತು, ಜಿಂಕೆ ಬಂತು, ಪಕ್ಕದವರ ಹುರುಳಿ ಹೋಯಿತು. ಅವರಿಗೂ ದುಡ್ಡು ಕೊಟ್ಟೆ, ಲಂಟಾನ ಕೆಲಸ ಅಲ್ಲಿಗೇ ನಿಲ್ಲಿಸಿದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದೇ ಲಂಟಾನದಲ್ಲಿ ಕುರ್ಚಿ ಮಾಡುತ್ತಾರೆ. ನಮ್ಮ ಜಗಲಿಯಲ್ಲಿ ಆರು ಇವೆ. ಬಿದಿರು ಅಂತ ಎಲ್ಲರೂ ಮೋಸ ಹೋಗುತ್ತಾರೆ.

ಈಗ ಲೆಕ್ಕ. ಐದು ರೂಮು. ವರ್ಷಕ್ಕೆ ಸುಮಾರು ಏಳುನೂರು ರೂಮು ರಾತ್ರಿ ತುಂಬುತ್ತದೆ, ಅಂದರೆ ಎರಡು ಲಕ್ಷದ ಮೇಲೆ ಚಿಲ್ಲರೆ. ದನಕ್ಕೆ ಹೋಗುವುದು ಒಂದೂಕಾಲು, ಒಂದೂವರೆ ಲಕ್ಷ. ಉಳಿದದ್ದು ಕೊಟ್ಟಿಗೆ ಬಾಗಿಲಿಗೆ. ಬಿಲ್ಲು ನೋಡಿ “ಇದ್ಯಾವ ಹೊಸ ಟ್ಯಾಕ್ಸು?” ಅನ್ನುವವರು ಇದ್ದಾರೆ. ಹಿಂದಿನ ತಿಂಗಳು ದುಡ್ಡು ಎಲ್ಲಿ ಹೋಯಿತು ಅನ್ನುವ ಚೀಟಿ ಕೊಡುತ್ತೇವೆ, ಸುಮ್ಮನಾಗುತ್ತಾರೆ. ಕೊಡಲ್ಲ ಅಂದವರು ನೂರರಲ್ಲಿ ಒಬ್ಬರೋ ಇಬ್ಬರೋ.

2025ರ ನವೆಂಬರ್‌ನಲ್ಲಿ ಸಫಾರಿ ನಿಂತಾಗ ಪರೀಕ್ಷೆ ಆಯಿತು. ಸುತ್ತಮುತ್ತ ಬುಕಿಂಗ್ ಸಾಲಾಗಿ ರದ್ದು. ನಮ್ಮಲ್ಲೂ ರದ್ದಾಯಿತು, ಆದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿಯಿತು. ಅಜ್ಜನ ಹೊಲಕ್ಕೆ ಬರುವವರಿಗೆ ಸಫಾರಿ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಹುಲಿಯ ಭಯ ಇದ್ದದ್ದರಿಂದ ನಡಿಗೆಯನ್ನು ಬಿಸಿಲೇರಿದ ಮೇಲೆ, ಊರ ಹತ್ತಿರ ಮಾತ್ರ ಇಟ್ಟುಕೊಂಡೆವು. ಜನರ ಸಿಟ್ಟು ಲಾಡ್ಜುಗಳ ಮೇಲೂ ಇತ್ತು. ‘ನಿಮ್ಮ ಜೀಪಿನಿಂದಲೇ ಹುಲಿ ಹೊರಗೆ ಬರ್ತಿದೆ’ ಅನ್ನುವ ಮಾತು ಚಹಾ ಅಂಗಡಿಯಲ್ಲಿ ದಿನಾ ಕೇಳುತ್ತಿತ್ತು. ನಮ್ಮ ಗೇಟಿಗೆ ಯಾರೂ ಬರಲಿಲ್ಲ. ಅದೇ ಗಲಾಟೆಯ ನಡುವೆ ಒಂದು ಸೀಮೆ ಹಸು ಹೋಯಿತು. ಗಾರ್ಡ್‌ಗೆ ಮೊದಲು, ನಮಗೆ ಆಮೇಲೆ ಫೋನ್ ಬಂತು. ಕಳೇಬರ ಬಿದ್ದ ಕಡೆಯೇ ಇತ್ತು.

ಲೆಕ್ಕ ನೋಡಲು ಬಂದ ಇಬ್ಬರು ಲಾಡ್ಜಿನವರು ಈಗ ಸೇರಲು ಒಪ್ಪಿದ್ದಾರೆ. ಅವರು ರೂಮಿಗೆ 200 ಸಾಕು ಅನ್ನುತ್ತಾರೆ, ನಾನು 300ಕ್ಕೆ ಕಡಿಮೆ ಬೇಡ ಅನ್ನುತ್ತಿದ್ದೇನೆ. ಅವರು ಬಂದರೆ ಇನ್ನೂ ಮೂರು ಊರು ಸೇರುತ್ತವೆ. ಆಗ ಮೇಕೆ ವಿಷಯ ಬರುತ್ತದೆ. ಚಿರತೆ ಹಿಡಿಯುವ ಮೇಕೆಗಳಿಗೆ ಲೆಕ್ಕವೇ ಇಲ್ಲ, ಕಿವಿ ಓಲೆಯೂ ಇರಲ್ಲ, ಡೈರಿಯ ಪುಸ್ತಕದಲ್ಲೂ ಇರಲ್ಲ. ಸಂಘದ ಅಕ್ಕ ಮೇಕೆಗೂ ಕೊಡಬೇಕು ಅಂತ ಪಟ್ಟು ಹಿಡಿದಿದ್ದಾರೆ. ಮುಂದಿನ ಸಭೆಗೆ ಮನೆಮನೆಯ ಮೇಕೆ ಎಣಿಸಿಕೊಂಡು ಬರುತ್ತಾರಂತೆ.